ಪ್ರಿಂಟರ್ ಹಂಚಿಕೆ: ಕರೆಂಟ್ ಹೋಗಿ ಬಂದ ಮೇಲಿನ ತೊಡಕು ಬಗೆಹರಿಯಿತು

ಕೊನೆಗೂ ಗೆದ್ದೆ. ವೈಫೈ ಇಲ್ಲದ ಹಳೆಯ ಪ್ರಿಂಟರೊಂದನ್ನು ಪುಟ್ಟ ಕಂಪ್ಯೂಟರಿಗೆ ಜೋಡಿಸಿ ಮನೆಯವರೆಲ್ಲರಿಗೂ ಹಂಚಿದ್ದೇನೆ. ಕರೆಂಟ್ ಹೋಗಿ ಬಂದ ಮೇಲೆ ಅದು ಕೆಲವೊಮ್ಮೆ ಮುದ್ರಿಸುತ್ತಲೇ ಇರಲಿಲ್ಲ. ನಿನ್ನೆ ಸಂಜೆಯ ಮಳೆಗೆ ಬೆಂಗಳೂರು ಹನುಮಂತನಗರದ ನಮ್ಮ ಬೀದಿಯಲ್ಲಿ ಕರೆಂಟ್ ಹೋದಾಗ ಪ್ರಿಂಟರಿನ ಸರದಿಯಲ್ಲಿ ಪ್ರಶ್ನೆಪತ್ರಿಕೆಯೊಂದು ಕಾದಿತ್ತು. ಕರೆಂಟ್ ಬಂತು. ಪ್ರಿಂಟರ್ ಒಮ್ಮೆ ಗುರುಗುಟ್ಟಿತು, ಸ್ವಲ್ಪ ತಡೆದು ಮತ್ತೊಮ್ಮೆ ಗುರುಗುಟ್ಟಿತು, ಕಾಗದ ಎಳೆದುಕೊಂಡು ಮೊದಲ ಪುಟದಿಂದ ಮುದ್ರಿಸತೊಡಗಿತು. ಯಾರೂ ಏನನ್ನೂ ಮುಟ್ಟಲಿಲ್ಲ. ಆ ಎರಡನೆಯ ಗುರುಗುಟ್ಟುವಿಕೆಗಾಗಿ ಬೇಸಿಗೆಯಿಡೀ ಕಾದಿದ್ದೇನೆ.

ಕಟ್ಟಿದ ಕ್ರಮವನ್ನು ಇಲ್ಲಿ ವಿವರಿಸುವುದಿಲ್ಲ. ಎಚ್‌ಪಿ ಲೇಸರ್‌ಜೆಟ್ 1020, ಅದಕ್ಕೆ ಯುಎಸ್‌ಬಿಯಲ್ಲಿ ಜೋಡಿಸಿದ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಪೈ ಮೇಲೆ ಮುದ್ರಣದ ಸರದಿ ನೋಡಿಕೊಳ್ಳುವ ಕಪ್ಸ್ ಮತ್ತು ಪ್ರಿಂಟರ್ ಇದೆಯೆಂದು ಮನೆಯ ನೆಟ್‌ವರ್ಕಿಗೆ ಸಾರುವ ಅವಾಹಿ, ಈ ಪ್ರಿಂಟರಿನ ಭಾಷೆ ಬಲ್ಲ ಫೂ2ಝಡ್‌ಜೆಎಸ್ ಡ್ರೈವರ್. ಕಪ್ಸ್ ಬಳಸುವ 631ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ತೆರೆದು ಹಂಚಿಕೆಗೆ ಒಪ್ಪಿಗೆ ಕೊಟ್ಟರೆ ಮನೆಯ ಮೊಬೈಲ್‌ಗಳಲ್ಲೂ ಲ್ಯಾಪ್‌ಟಾಪ್‌ಗಳಲ್ಲೂ ಪ್ರಿಂಟರ್ ತಾನಾಗಿಯೇ ಕಾಣಿಸುತ್ತದೆ. ಹಳೆಯದನ್ನು ಕೊಟ್ಟು ವೈಫೈ ಪ್ರಿಂಟರ್ ಕೊಳ್ಳಬಾರದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದರ 12ಎ ಕಾರ್ಟ್ರಿಜ್, ಅಂದರೆ ಟೋನರ್ ಪುಡಿಯ ಡಬ್ಬಿ. ಹೊಸದು ಸುಮಾರು 2,000 ಪುಟ ಕೊಡುತ್ತದೆ, ರೀಫಿಲ್ ಮಾಡುವವರು ಊರಿನ ಎಲ್ಲ ಕಡೆ ಸಿಗುತ್ತಾರೆ, 1010, 1018, ಎಂ1005 ಮಾದರಿಗಳಿಗೂ ಇದೇ ಆಗುವುದರಿಂದ ಅದಕ್ಕೆ ಬರವೆಂಬುದಿಲ್ಲ. ಕನ್ನಡದ ಪಿಡಿಎಫ್ ಮುದ್ರಿಸುವಾಗ ಒತ್ತಕ್ಷರಗಳ ಚಿಂತೆಯೂ ಇಲ್ಲ. ಫಾಂಟ್ ಕಡತದೊಳಗೇ ಇದ್ದರೆ ಪೈ ಅದನ್ನು ಚಿತ್ರವಾಗಿ ಬಿಡಿಸಿ ಪ್ರಿಂಟರಿಗೆ ಕೊಡುತ್ತದೆ.

ಎಸ್.ಪಿ. ರಸ್ತೆಯ ಅಂಗಡಿಯೊಂದರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಡೇಟಾ ಕೇಬಲ್ ಎಂದು ಹೇಳಿ ಕೊಟ್ಟದ್ದರ ಒಳಗೆ ವಿದ್ಯುತ್ತಿನ ಎರಡು ತಂತಿ ಮಾತ್ರ ಇದ್ದವು, ಮಾಹಿತಿ ಸಾಗಿಸುವ ತಂತಿಗಳೇ ಇರಲಿಲ್ಲ. ಮಲ್ಟಿಮೀಟರ್ ಹಿಡಿದು ತೋರಿಸಿದರೂ ‘ಚಾರ್ಜ್ ಆಗುತ್ತದಲ್ಲ ಸಾರ್’ ಎಂಬ ಮಾತೇ ಬಂತು. ಇಂಥ ಕೇಬಲ್ ಮಾರುವುದು ಮೋಸ. ಹೊಸದಾಗಿ ಕಲಿಯುವ ಹುಡುಗನೊಬ್ಬ ಇದನ್ನು ಕೊಂಡರೆ ತನ್ನ ಪೈ ಕೆಟ್ಟಿದೆಯೆಂದೇ ತಿಳಿಯುತ್ತಾನೆ. ಅಲ್ಲಿ ಕೇಬಲ್ ಕೊಳ್ಳುವವರು ಅಂಗಡಿಯ ಮುಂದೆಯೇ ಪರೀಕ್ಷಿಸಿ ಹಣ ಕೊಡಿ.

ಇನ್ನು ನಿಜವಾದ ತೊಡಕು. 1020ರಲ್ಲಿ ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ನಡೆಸುವ ಒಳಗಿನ ತಂತ್ರಾಂಶ, ಶಾಶ್ವತವಾಗಿ ಉಳಿಯುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಕಳುಹಿಸಬೇಕು. ಆಗ ಮಾತ್ರ ಅದು ಎರಡನೆಯ ಸಲ ಗುರುಗುಟ್ಟಿ ಪ್ರಿಂಟರ್ ಆಗುತ್ತದೆ. ಅಲ್ಲಿಯವರೆಗೆ ಏನು ಕಳುಹಿಸಿದರೂ ಸುಮ್ಮನೆ ನುಂಗಿಬಿಡುತ್ತದೆ. ನಮ್ಮ ಅತ್ತೆ ಇದನ್ನು ಕೇಳಿ, ‘ಕರೆಂಟ್ ಹೋದರೆ ಅದಕ್ಕೆ ಅರಳುಮರಳೇನಪ್ಪಾ?’ ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಬೆಂಗಳೂರಿನ ಮನೆಗಳ ವೈರಿಂಗ್ ಇದನ್ನು ಇನ್ನಷ್ಟು ಕಠಿಣ ಮಾಡುತ್ತದೆ. ರೂಟರ್ ಮತ್ತು ಪೈ ಇನ್ವರ್ಟರ್ ಲೈನಿನಲ್ಲಿವೆ. ಟೋನರನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಫ್ಯೂಸರ್ ಒಮ್ಮೆಲೇ ಬಹಳ ವಿದ್ಯುತ್ ಎಳೆಯುವುದರಿಂದ ಪ್ರಿಂಟರನ್ನು ಆ ಲೈನಿಗೆ ಹಾಕುವಂತಿಲ್ಲ. ಹಾಗಾಗಿ ಕರೆಂಟ್ ಹೋದಾಗ ಪೈ ಎಚ್ಚರವಾಗಿಯೇ ಇರುತ್ತದೆ, ಪ್ರಿಂಟರ್ ಮಾತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಆರಿ ಒಟ್ಟಿಗೆ ಎದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲವೇನೋ.

ಸಾಧನ ಬಂದಾಗ, ಹೋದಾಗ ಏನು ಮಾಡಬೇಕೆಂದು ನೋಡಿಕೊಳ್ಳುವ ಲಿನಕ್ಸ್ ಭಾಗ ಯುಡೆವ್. ಫೂ2ಝಡ್‌ಜೆಎಸ್ ಜೊತೆಗೆ ಬರುವ ಯುಡೆವ್ ನಿಯಮ ಇದಕ್ಕಾಗಿಯೇ ಇದೆ: ಪ್ರಿಂಟರ್ ಕಾಣಿಸಿಕೊಂಡೊಡನೆ ಫರ್ಮ್‌ವೇರ್ ಕಳುಹಿಸುವುದು. ಅದು ಕೆಲಸವನ್ನೂ ಮಾಡುತ್ತಿತ್ತು, ಆದರೆ ಕೆಲವೊಮ್ಮೆ ಮಾತ್ರ. ಪೂರ್ತಿ ಕೆಟ್ಟದ್ದನ್ನು ಹುಡುಕಬಹುದು. ಆಗೊಮ್ಮೆ ಈಗೊಮ್ಮೆ ಕೆಡುವುದು ಮನುಷ್ಯನ ನಿದ್ದೆ ಕೆಡಿಸುತ್ತದೆ. ಅದಕ್ಕಿಂತ ಸಂಕಟದ ಸಂಗತಿ, ಕಪ್ಸ್ ಪ್ರತಿ ಸಲವೂ ‘ಮುದ್ರಣ ಮುಗಿಯಿತು’ ಎಂದೇ ದಾಖಲಿಸುತ್ತಿತ್ತು. ಕಾಗದ ಮಾತ್ರ ಹೊರಗೆ ಬಂದಿರುತ್ತಿರಲಿಲ್ಲ. ಹೆಂಡತಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾಳೆ. ರಾತ್ರಿ ಕಳುಹಿಸಿದ ಪ್ರಶ್ನೆಪತ್ರಿಕೆ ಬೆಳಿಗ್ಗೆ ಟ್ರೇಯಲ್ಲಿ ಇಲ್ಲದಿದ್ದರೆ ಅವಳಿಗೆ ನನ್ನ ವಿವರಣೆ ಬೇಕಿಲ್ಲ, ಪ್ರಶ್ನೆಪತ್ರಿಕೆ ಬೇಕು.

ಅಡಾಪ್ಟರ್ ಬದಲಿಸಿದೆ, ಕೇಬಲ್ ಬದಲಿಸಿದೆ. ಯುಡೆವ್ ನಿಯಮದ ಒಳಗೆ ಹೆಚ್ಚು ಹೊತ್ತು ಓಡುವ ಸ್ಕ್ರಿಪ್ಟನ್ನು ನೇರವಾಗಿ ಕರೆಯಬಾರದು, ಯುಡೆವ್ ಅದನ್ನು ನಡುವೆಯೇ ಕೊಂದುಬಿಡುತ್ತದೆ. ಆದ್ದರಿಂದ ಕೆಲಸವನ್ನು ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ನಡೆಸುವ ಭಾಗ) ಸರ್ವಿಸ್‌ಗೆ ವರ್ಗಾಯಿಸಿದೆ. ಇದು ಒಳ್ಳೆಯ ಅಭ್ಯಾಸ, ಎಲ್ಲರೂ ಮಾಡಬೇಕಾದದ್ದು. ಆದರೂ ಕಾಯಿಲೆ ಹೋಗಲಿಲ್ಲ.

ಕಪ್ಸ್ ಪ್ರತಿ ಹೆಜ್ಜೆಯನ್ನೂ ಬರೆದಿಡುವ ಡೀಬಗ್ ಲಾಗನ್ನೂ ಸಿಸ್ಟಮ್‌ನ ಲಾಗನ್ನೂ ಅಕ್ಕಪಕ್ಕ ಇಟ್ಟು ಸೆಕೆಂಡ್ ಸೆಕೆಂಡ್ ಹೋಲಿಸಿದಾಗ ವಿಷಯ ಹೊರಬಿತ್ತು. ಸರದಿಯಲ್ಲಿ ಏನೂ ಕಾಯುತ್ತಿಲ್ಲದಿದ್ದರೆ ಫರ್ಮ್‌ವೇರ್ ಯಾವಾಗಲೂ ಸರಿಯಾಗಿ ಹೋಗುತ್ತಿತ್ತು. ಕಾಯುತ್ತಿದ್ದರೆ, ಕಪ್ಸ್‌ನ ಯುಎಸ್‌ಬಿ ಬ್ಯಾಕೆಂಡ್ (ಪುಟಗಳನ್ನು ಪ್ರಿಂಟರಿಗೆ ತಲುಪಿಸುವ ಭಾಗ) ಪ್ರಿಂಟರ್ ಸಿಗುವವರೆಗೆ 5 ಸೆಕೆಂಡಿಗೊಮ್ಮೆ ಇಣುಕುತ್ತಿತ್ತು. ಈ ಬ್ಯಾಕೆಂಡ್ ಯುಎಸ್‌ಬಿ ಸಾಧನದೊಡನೆ ನೇರವಾಗಿ ಮಾತಾಡುವ ಲಿಬ್‌ಯುಎಸ್‌ಬಿ ಮೂಲಕ ಕೆಲಸ ಮಾಡುತ್ತದೆ. ಪ್ರಿಂಟರ್ ಕಂಡೊಡನೆ ಕರ್ನೆಲ್‌ನಲ್ಲಿ (ಲಿನಕ್ಸಿನ ತಿರುಳು) ಯುಎಸ್‌ಬಿ ಪ್ರಿಂಟರಿಗೆಂದೇ ಇರುವ ಯುಎಸ್‌ಬಿಎಲ್‌ಪಿ ಡ್ರೈವರನ್ನು ಬಿಡಿಸಿ ತಾನೇ ಹಿಡಿದುಕೊಳ್ಳುತ್ತದೆ. ಫರ್ಮ್‌ವೇರ್ ಸ್ಕ್ರಿಪ್ಟಿಗೆ ಬೇಕಾದದ್ದು ಅದೇ ಯುಎಸ್‌ಬಿಎಲ್‌ಪಿ. ಪ್ರಿಂಟರ್ ಎದ್ದ ಕ್ಷಣ ಆ 5 ಸೆಕೆಂಡಿನ ಮೊದಲ ಭಾಗದಲ್ಲಿ ಬಿದ್ದರೆ ಸ್ಕ್ರಿಪ್ಟ್ ಗೆಲ್ಲುತ್ತಿತ್ತು, ಕೊನೆಯ ಭಾಗದಲ್ಲಿ ಬಿದ್ದರೆ ಬ್ಯಾಕೆಂಡ್ ಗೆಲ್ಲುತ್ತಿತ್ತು. ಬ್ಯಾಕೆಂಡ್ ಗೆದ್ದಾಗ ಪುಟಗಳೆಲ್ಲ ಫರ್ಮ್‌ವೇರ್ ಇಲ್ಲದ ಪ್ರಿಂಟರಿನ ಹೊಟ್ಟೆಗೆ ಹೋಗುತ್ತಿದ್ದವು. ಇದನ್ನು ಕಂಡ ರಾತ್ರಿ ಆದ ಸಂತೋಷ, ಸರಿಪಡಿಸಿದ ದಿನವೂ ಆಗಲಿಲ್ಲ.

ಪ್ರಿಂಟರ್ ಬಂದ ಕ್ಷಣದಲ್ಲಿ ಏನು ಮಾಡಿದರೂ ಈ ಓಟದಲ್ಲಿ ಖಚಿತ ಗೆಲುವಿಲ್ಲ. ಬ್ಯಾಕೆಂಡ್ ಆಗಲೇ ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದ ಪ್ರಿಂಟರ್ ಹೋದ ಕ್ಷಣವನ್ನೇ ಹಿಡಿಯಬೇಕು. ಅದು ಮರೆಯಾದೊಡನೆ ಕಪ್ಸ್‌ಡಿಸೇಬಲ್ ಎಂಬ ಆಜ್ಞೆ ಓಡಿ ಸರದಿಯನ್ನು ನಿಲ್ಲಿಸುತ್ತದೆ. ಓಡುತ್ತಿದ್ದ ಕೆಲಸ ಮರಳಿ ಸಾಲಿಗೆ ಸೇರುತ್ತದೆ, ಹೊಸ ಕೆಲಸಗಳೂ ಬಂದು ಸೇರಬಹುದು. ಪ್ರಿಂಟರ್ ಮರಳಿದ ಮೇಲೆ ಮೊದಲು ಫರ್ಮ್‌ವೇರ್, ಆಮೇಲೆ ಅದು ಸೇರಿತೇ ಎಂಬ ಪರೀಕ್ಷೆ, ಅದರಲ್ಲಿ ಪಾಸಾದರೆ ಮಾತ್ರ ಸರದಿಯನ್ನು ಮತ್ತೆ ತೆರೆಯುವ ಕಪ್ಸ್‌ಎನೇಬಲ್.

ಹೇಳಿದಷ್ಟು ಸುಲಭವಲ್ಲ, ಏಕೆಂದರೆ ‘ಹೋಯಿತು’ ಎಂಬ ಸುದ್ದಿಗೆ ಬರೆಯುವ ಯುಡೆವ್ ನಿಯಮ ಬೇರೆ ಜಾತಿಯದು. ‘ಬಂತು’ ನಿಯಮದಲ್ಲಿ ತಯಾರಕರ ಸಂಖ್ಯೆಯನ್ನು ಸಾಧನದ ಗುಣಲಕ್ಷಣಗಳಿಂದ ಓದುತ್ತೇವೆ. ಸಾಧನವೇ ಹೋದ ಮೇಲೆ ಆ ಗುಣಲಕ್ಷಣಗಳೂ ಇರುವುದಿಲ್ಲ. ನಿಯಮ ಯಾವ ದೂರೂ ಇಲ್ಲದೆ ಸುಮ್ಮನಿರುತ್ತದೆ. ಅಲ್ಲಿ ಘಟನೆಯ ಜೊತೆಗೆ ಬರುವ ‘ಪ್ರಾಡಕ್ಟ್’ ಎಂಬ ಮೌಲ್ಯವನ್ನು ಹೊಂದಿಸಬೇಕು. ಅದರಲ್ಲೂ ಒಂದು ಗುಂಡಿ ಇದೆ: ಎಲ್ಲೆಡೆ 03ಎಫ್0 ಎಂದು ಕಾಣುವ ತಯಾರಕರ ಸಂಖ್ಯೆ ಇಲ್ಲಿ ಮುಂದಿನ ಸೊನ್ನೆ ಕಳೆದುಕೊಂಡು 3ಎಫ್0 ಆಗುತ್ತದೆ. ಈ ಎರಡು ಸಾಲಿಗಾಗಿಯೇ ಈ ಬರಹವನ್ನು ಉಳಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಫರ್ಮ್‌ವೇರ್ ಸೇರಿದ ಮೇಲೆ ಪ್ರಿಂಟರ್ ತನ್ನ ಗುರುತಿನ ಸಾಲಿನಲ್ಲಿ ಫರ್ಮ್‌ವೇರಿನ ಆವೃತ್ತಿಯನ್ನೂ ಹೇಳುತ್ತದೆ. ಆದರೆ ಕರ್ನೆಲ್ ಸಾಧನಗಳ ವಿವರ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಕಾಣುವ ಗುರುತಿನ ಸಾಲು ಪ್ರಿಂಟರ್ ಜೋಡಣೆಯಾದಾಗ ಓದಿಟ್ಟುಕೊಂಡದ್ದು. ಅದನ್ನು ನಂಬಿ ಕುಳಿತರೆ ಆವೃತ್ತಿ ಕಾಣಿಸುವುದಿಲ್ಲ. ಫೂ2ಝಡ್‌ಜೆಎಸ್‌ನೊಂದಿಗೇ ಬರುವ ಯುಎಸ್‌ಬಿ ಪ್ರಿಂಟರ್‌ಐಡಿ ಎಂಬ ಸಣ್ಣ ಉಪಕರಣ ಪ್ರಿಂಟರನ್ನೇ ಹೊಸದಾಗಿ ಕೇಳುತ್ತದೆ. ಅದನ್ನೇ ಬಳಸಿ.

ಈ ಕೆಲಸದ ನಡುವೆಯೇ ಮುಂದಿನ ಯೋಜನೆ ತಲೆಗೆ ಹೊಕ್ಕಿತು. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಂಪು ಎಷ್ಟು ತುಂಬಿದೆ ಎಂದು ನೋಡಲು ಪ್ರತಿ ಸಲ ಕಬ್ಬಿಣದ ಮುಚ್ಚಳ ಎತ್ತಬೇಕು. ಇಎಸ್‌ಪಿ32 ಎಂಬ ಸಣ್ಣ ವೈಫೈ ಚಿಪ್ ಮತ್ತು ಶಬ್ದದ ಅಲೆಯಿಂದ ದೂರ ಅಳೆಯುವ, ನೀರು ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ಸೆನ್ಸರ್ ಸಾಕು ಎಂದುಕೊಂಡಿದ್ದೇನೆ. ಇದು ತನ್ನ ಮೂತಿಯಿಂದ ಸುಮಾರು 20 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಅಳೆಯಲಾರದು, ಹಾಗಾಗಿ ತುಂಬಿದ ಸಂಪಿನ ನೀರಿನಿಂದ ಅಷ್ಟು ಎತ್ತರದಲ್ಲಿ ಕೂರಿಸಬೇಕು. ಸೆನ್ಸರ್ ಸತ್ತರೆ ನೀರೆತ್ತುವ ಮೋಟಾರ್ ನಿಲ್ಲಬೇಕು, ಕೊನೆಯ ಅಳತೆಯನ್ನೇ ನಂಬಿ ಖಾಲಿ ಸಂಪಿನಲ್ಲಿ ಓಡಬಾರದು. ಸಾಧನಗಳು ಸುದ್ದಿ ಹಂಚಿಕೊಳ್ಳುವ ಎಂಕ್ಯೂಟಿಟಿ ಪದ್ಧತಿಯಲ್ಲಿ ‘ಲಾಸ್ಟ್ ವಿಲ್’ ಇರುವುದು ಇದಕ್ಕೇ: ಸಾಧನ ಹೇಳದೆ ಕೇಳದೆ ಮರೆಯಾದರೆ ಅದರ ಪರವಾಗಿ, ನಡುವೆ ನಿಂತು ಸುದ್ದಿ ಹಂಚುವ ಬ್ರೋಕರ್ ಆ ಸುದ್ದಿ ಸಾರುತ್ತದೆ. ಯುಡೆವ್‌ನಲ್ಲಿ ಇಷ್ಟು ಒದ್ದಾಡಿದ ಮೇಲೆ ಆ ಸೌಲಭ್ಯದ ಮೇಲೆ ನನಗೆ ಬಹಳ ಪ್ರೀತಿ ಬಂದಿದೆ.

ಪ್ರಿಂಟರಿನಲ್ಲಿ ಉಳಿದದ್ದು ಎರಡು ಕೆಲಸ. ಮಹಡಿಯ ಕೋಣೆಯಲ್ಲಿ ಮೊಬೈಲ್ 5 ಗಿಗಾಹರ್ಟ್ಸ್ ವೈಫೈ ಹಿಡಿದಾಗ ಒಮ್ಮೊಮ್ಮೆ ಪ್ರಿಂಟರ್ ಪಟ್ಟಿಯಿಂದ ಮಾಯವಾಗುತ್ತದೆ. ಪೈ ಝೀರೋ 2 ಡಬ್ಲ್ಯೂ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು, ಅವಾಹಿ ಎಲ್ಲ ಸಾಧನಗಳಿಗೂ ಕೇಳಲೆಂದು 224.0.0.251 ವಿಳಾಸಕ್ಕೆ ಸಾರುವ ಸುದ್ದಿಯನ್ನು ನನ್ನ ರೂಟರ್ ಆಚೆಗೆ ದಾಟಿಸುತ್ತಿಲ್ಲವೆಂಬ ಅನುಮಾನವಿದೆ. ಸದ್ಯಕ್ಕೆ ಮೊಬೈಲಿನಲ್ಲಿ ಪೈ ವಿಳಾಸವನ್ನು ಕೈಯಾರೆ ಬರೆದಿದ್ದೇನೆ, ನಡೆಯುತ್ತಿದೆ. ಎರಡನೆಯದು ದೂರದ್ದು. ಕಪ್ಸ್ 3ರಲ್ಲಿ ಹಳೆಯ ರೀತಿಯ ಡ್ರೈವರ್‌ಗಳಿಗೆ ಜಾಗವಿಲ್ಲ, ಅವುಗಳನ್ನು ಪ್ರಿಂಟರ್ ಅಪ್ಲಿಕೇಶನ್ (ಡ್ರೈವರನ್ನು ಹೊತ್ತ ಪ್ರತ್ಯೇಕ ಪ್ರೋಗ್ರಾಮ್) ಒಳಗೆ ಕೂರಿಸಬೇಕಾಗುತ್ತದೆ. ಕಪ್ಸ್ ಬರೆದ ಮೈಕೆಲ್ ಸ್ವೀಟ್ ಅವರದೇ ಪ್ಯಾಪಲ್ ಚೌಕಟ್ಟು ಅದಕ್ಕೆ ಇದೆ. ಯಾರಾದರೂ ಫೂ2ಝಡ್‌ಜೆಎಸ್ ಅನ್ನು ಆ ದಾರಿಯಲ್ಲಿ ಪೈ ಝೀರೋ 2 ಡಬ್ಲ್ಯೂ ಮೇಲೆ ಓಡಿಸಿದ್ದರೆ, ಅದರ 512 ಎಂಬಿ ಮೆಮೊರಿಗೆ ದೊಡ್ಡ ಪಿಡಿಎಫ್‌ಗಳು ಹಿಡಿಸಿದವೇ ಎಂದು ತಿಳಿಸಿ. ನನ್ನ ಯುಡೆವ್ ನಿಯಮ ಮತ್ತು ಸರ್ವಿಸ್ ಕಡತ ಬೇಕಾದವರಿಗೆ ಹಾಗೆಯೇ ಕೊಡುತ್ತೇನೆ.