ಭೂಮಿ ಹುಣ್ಣಿಮೆಯ ಊಟ

ಸಾಗರದ ಕಡೆ ನಮ್ಮೂರಲ್ಲಿ ಇವತ್ತು ಭೂಮಿ ಹುಣ್ಣಿಮೆ. ಭತ್ತ ಹೊಡೆ ಕಟ್ಟುವ ಹೊತ್ತು, ಅಂದ್ರೆ ಭೂಮ್ತಾಯಿ ಬಸುರಿ. ಅವಳ ಬಯಕೆ ತೀರಿಸುವ ಹಬ್ಬ ಇದು.

ನಿನ್ನೆ ರಾತ್ರಿ ದೊಡ್ಡಮ್ಮ, ಅತ್ತಿಗೆ ಕಣ್ಣು ಮುಚ್ಚಲಿಲ್ಲ. ಬೆರಕೆ ಸೊಪ್ಪು ಹೆಚ್ಚೋದು, ಸೌತೆಕಾಯಿ ಕಡುಬು ಬೇಯಿಸೋದು, ನಡುನಡುವೆ ಊರವರ ಸುದ್ದಿ. ಬೆಳಕು ಹರಿಯುವ ಮೊದಲೇ ಅಣ್ಣ ಆ ಸೊಪ್ಪು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರಿ ಬಂದ. ಆಮೇಲೆ ಎಡೆಯ ಅಡುಗೆ ತುಂಬಿದ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಎಲ್ಲರೂ ಹೊರಟೆವು. ಪೂಜೆ ಮುಗಿಸಿ, ಕಾಗೆಗೆ ಎಡೆ ಇಟ್ಟು, ಬದುವಿನ ಮೇಲೆ ಬಾಳೆಲೆ ಹಾಕಿ ಊಟ. ಬೆಂಗಳೂರಿಂದ ಬಂದ ಮಕ್ಕಳು ಕಡುಬಿಗೆ ಜಗಳವಾಡಿದರು.

ಎಲ್ಲ ಕೊಟ್ಟವಳಿಗೇ ಬಡಿಸೋಕೆ ನಾವು ಯಾರು ಅನ್ನಿಸಿತು. ಆದ್ರೂ ಬಸುರಿಯನ್ನು ಊಟಕ್ಕೆ ಕರೆಯದೆ ಇರೋಕಾಗುತ್ತಾ?

ಒಂದು ಕಡುಬು ಗದ್ದೆಯಲ್ಲೇ ಹೂತಿದ್ದೇವೆ. ಕೊಯ್ಲಿಗೆ ತೆಗೆಯಬೇಕು. ದೀಪಾವಳಿಗೆ ಬರದಿದ್ರೂ ಅದಕ್ಕೆ ಬರಲೇಬೇಕು ಅಂತ ಅಣ್ಣನ ಆರ್ಡರ್ ಆಗಿದೆ.