ಎರಡು ಸ್ಕ್ಯಾನ್ ಹೋಲಿಸುವ ಮುಂಚೆ

"ತಲೇಲಿ ನೀರು ಜಾಸ್ತಿ ಆಗಿದ್ಯಾ ಸರ್?" ಸಿಟಿ ಸ್ಕ್ಯಾನ್ ರೂಮಿನಲ್ಲಿ ಟೆಕ್ನಿಶಿಯನ್ ಆಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ರಿಪೋರ್ಟ್ ಬರೆಯುವುದು ಡಾಕ್ಟರು. ಆದರೆ ಚಿತ್ರ ತೆಗೆಯುವ ರೀತಿ ಬದಲಾದರೆ ಸಾಕು, ವೆಂಟ್ರಿಕಲ್‌ಗಳು, ಅಂದರೆ ಮಿದುಳಿನೊಳಗೆ ದ್ರವ ತುಂಬಿದ ನಾಲ್ಕು ಕೋಣೆಗಳು, ಹಿಗ್ಗಿದಂತೆಯೋ ಕುಗ್ಗಿದಂತೆಯೋ ಕಾಣಬಹುದು. ಮನೆಯವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಹಿಂದಿನ ಕಾಲದಲ್ಲಂತೂ ಈ ತೊಂದರೆ ತುಂಬಾ ದೊಡ್ಡದಿತ್ತು. ಅಮೆರಿಕದ ನ್ಯೂರೋಸರ್ಜನ್ ವಾಲ್ಟರ್ ಡ್ಯಾಂಡಿ 1919ರಲ್ಲಿ ಒಂದು ಪರೀಕ್ಷೆ ಶುರು ಮಾಡಿದರು. ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆದು, ಆ ಜಾಗಕ್ಕೆ ಗಾಳಿ ಬಿಟ್ಟು, ಅದು ಮೇಲೇರಿ ವೆಂಟ್ರಿಕಲ್ ಸೇರಿದ ಮೇಲೆ ತಲೆಯ ಎಕ್ಸ್-ರೇ ತೆಗೆಯುವುದು. ರೋಗಿಗೆ ವಿಪರೀತ ತಲೆನೋವು, ವಾಂತಿ. ಮರುದಿನ ಮತ್ತೆ ಎಕ್ಸ್-ರೇ ತೆಗೆದರೆ ಕೆಲವರ ವೆಂಟ್ರಿಕಲ್ ಮೊದಲ ದಿನಕ್ಕಿಂತ ದೊಡ್ಡದಾಗಿರುತ್ತಿತ್ತು. ರೋಗ ಒಂದೇ ದಿನದಲ್ಲಿ ಬೆಳೆದದ್ದಲ್ಲ, ಪರೀಕ್ಷೆಯೇ ಹಾಗೆ ಮಾಡಿತ್ತು.

ಆ ಪರೀಕ್ಷೆಯಲ್ಲಿ ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಇನ್ನೂ ಕಷ್ಟ ಆಗುತ್ತಿತ್ತು. ಈ ಅನಿಲ ರಕ್ತದಲ್ಲಿ ನೈಟ್ರೋಜನ್‌ಗಿಂತ ಸುಮಾರು 34 ಪಟ್ಟು ಜಾಸ್ತಿ ಕರಗುತ್ತದೆ. ಹಾಗಾಗಿ ತಲೆಯೊಳಗಿನ ಗಾಳಿಯಿಂದ ನೈಟ್ರೋಜನ್ ಹೊರಬರುವುದಕ್ಕಿಂತ ಬೇಗ ಇದು ಒಳಗೆ ನುಗ್ಗುತ್ತದೆ. ಬಲೂನಿಗೆ ಊದುತ್ತಲೇ ಇದ್ದ ಹಾಗೆ. ಒತ್ತಡ ಏರುತ್ತದೆ.

ಸಿಟಿ ಬಂದು ಆ ಹಿಂಸೆ ತಪ್ಪಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಸ್ಕ್ಯಾನ್ ಮಾಡಿದರು. ಆದರೆ ಅಳತೆ ಮಾತ್ರ ಹಳೆಯದೇ ಉಳಿದಿದೆ. ರಿಪೋರ್ಟಿನಲ್ಲಿ ಕಾಣುವ ಇವಾನ್ಸ್ ಇಂಡೆಕ್ಸ್ 1942ರದ್ದು, ಆ ಗಾಳಿ ಫಿಲ್ಮುಗಳಿಂದಲೇ ಬಂದದ್ದು. ವೆಂಟ್ರಿಕಲ್‌ಗಳ ಮುಂಭಾಗದ ಅಗಲವನ್ನು ತಲೆಬುರುಡೆಯ ಒಳ ಅಗಲದಿಂದ ಭಾಗಿಸಬೇಕು. 0.3 ದಾಟಿದರೆ ಹಿಗ್ಗಿದೆ ಅಂತ ಲೆಕ್ಕ. ಸ್ಲೈಸಿನ, ಅಂದರೆ ತಲೆಯನ್ನು ಅಡ್ಡಕ್ಕೆ ಸೀಳಿದಂತೆ ತೆಗೆಯುವ ಒಂದೊಂದು ಚಿತ್ರದ, ಕೋನ ಬದಲಾದರೆ, ಅಥವಾ ಒಂದು ಸ್ಲೈಸ್ ಮೇಲೆ ಕೆಳಗೆ ಆದರೆ, ಈ ಸಂಖ್ಯೆಯೂ ಬದಲಾಗುತ್ತದೆ.

ಒಮ್ಮೆ ಷಂಟ್ (ತಲೆಯ ಹೆಚ್ಚುವರಿ ದ್ರವವನ್ನು ಹೊರಸಾಗಿಸುವ ಕೊಳವೆ) ಹಾಕಿದ ಮಗುವಿನ ತಾಯಿ ಬೇರೆ ಕಡೆಯ ಹಳೇ ಸಿಟಿಯ ಸಿಡಿ ತಂದಿದ್ದರು. "ಮೊದಲಿಗಿಂತ ದಪ್ಪ ಆಗಿದೆ ಅಂತಿದಾರೆ ಅಣ್ಣಾ" ಅನ್ನುವಾಗ ಅವರ ಗಂಟಲು ಕಟ್ಟಿತ್ತು. ಹಳೆಯದರಲ್ಲಿ ಗ್ಯಾಂಟ್ರಿ, ಅಂದರೆ ಯಂತ್ರದ ದುಂಡು ಚೌಕಟ್ಟನ್ನು, ವಾಲಿಸಿ ದಪ್ಪ ಸ್ಲೈಸ್ ತೆಗೆದಿದ್ದರು. ನಮ್ಮದು ನೇರ, ತೆಳು. ನಮ್ಮ ರೇಡಿಯಾಲಜಿಸ್ಟ್ ಮೇಡಂ ಹೊಸ ಸ್ಕ್ಯಾನನ್ನು ಹಳೆಯದರ ಕೋನಕ್ಕೇ ತಿರುಗಿಸಿ ನೋಡಿದರು. ವ್ಯತ್ಯಾಸ ಹೆಚ್ಚುಕಡಿಮೆ ಹೊರಟೇ ಹೋಯಿತು. ಆ ತಾಯಿ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು.

ಎಂಆರ್‌ಐಗೆ ಮಕ್ಕಳನ್ನು ಅರಿವಳಿಕೆ ಕೊಟ್ಟು ಮಲಗಿಸಿದಾಗಲೂ ಇದನ್ನು ನೆನಪಿಡಬೇಕು. ಉಸಿರು ನಿಧಾನವಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಬುರುಡೆ ಹಿಗ್ಗುವುದಿಲ್ಲವಲ್ಲ, ಅಷ್ಟು ದ್ರವ ಬೆನ್ನಿನ ಕಡೆ ಸರಿದು ವೆಂಟ್ರಿಕಲ್ ತುಸು ಕುಗ್ಗುತ್ತದೆ. ವೆಂಟಿಲೇಟರಿನಲ್ಲಿ ಜೋರಾಗಿ ಉಸಿರಾಡಿಸಿದರೆ ಇದಕ್ಕೆ ಉಲ್ಟಾ. ಬದಲಾವಣೆ ಚಿಕ್ಕದೇ. ಆದರೆ ನಾವು ಹೋಲಿಸುವುದೂ ಮಿಲಿಮೀಟರುಗಳನ್ನೇ, ಅಲ್ವಾ?

ಹಾಗಾಗಿ ದಯವಿಟ್ಟು ಹಳೇ ಸ್ಕ್ಯಾನಿನ ಸಿಡಿ ಬಿಸಾಡಬೇಡಿ. ಬರೀ ಫಿಲ್ಮಿನಿಂದ ಕೋನ ತಿರುಗಿಸಲು ಆಗುವುದಿಲ್ಲ. ಆ ಹಳೇ ಸ್ಕ್ಯಾನಿನಲ್ಲಿ ಅರಿವಳಿಕೆ ಕೊಟ್ಟಿದ್ದರೆ ಅದನ್ನೂ ಹೇಳಿ. ಆದರೆ ಷಂಟ್ ಇರುವ ಮಗು ವಾಂತಿ ಮಾಡುತ್ತಾ ಮಂಕಾಗಿದ್ದರೆ, ಸ್ಕ್ಯಾನ್ ಮೊದಲಿನಂತೆಯೇ ಇದೆ ಅಂದರೂ ಮನೆಗೆ ವಾಪಸ್ ಹೋಗಬೇಡಿ. ಕೆಲವು ಮಕ್ಕಳಲ್ಲಿ ಷಂಟ್ ಬ್ಲಾಕ್ ಆದರೂ ವೆಂಟ್ರಿಕಲ್ ಹಿಗ್ಗುವುದೇ ಇಲ್ಲ. ನ್ಯೂರೋಸರ್ಜನ್ ಕೈಯಿಟ್ಟು ನೋಡಲೇಬೇಕು.