ಅಜ್ಜನ ಪೈಪ್ ರಿಪೇರಿ: ಎರಡ್ನೇ ವಾರ, ಎಲ್ಲಿವರೆಗೆ ಬಂತು

ಹೋದ ತಿಂಗಳು ಅಟ್ಟ ಕ್ಲೀನ್ ಮಾಡ್ಬೇಕಾದ್ರೆ ಟ್ರಂಕಲ್ಲಿ ಸಿಕ್ಕಿದ್ದು ಅಜ್ಜ ತಂಬಾಕು ಸೇದ್ತಿದ್ದ ಈ ಪೈಪ್. ಅಜ್ಜ ಸಕಲೇಶಪುರದ ಕಡೆ ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು, ದೊರೆ ಎಸ್ಟೇಟ್ ಮಾರಿ ತಮ್ಮೂರಿಗೆ ಹೊರಟಾಗ ಕೈಗೆ ಕೊಟ್ಟು ಹೋಗಿದ್ದಂತೆ. ಅಜ್ಜ ಹೋದ್ಮೇಲೆ ಯಾರೂ ಮುಟ್ಟಿರ್ಲಿಲ್ಲ. ನಾನು ಸೇದೋನಲ್ಲ, ಸೇದೋಕೆ ರೆಡಿ ಮಾಡ್ತಾನೂ ಇಲ್ಲ, ಆದ್ರೆ ಇಷ್ಟು ಚೆಂದದ ವಸ್ತು ಹಿಂಗೆ ಹಾಳಾಗ್ಬಾರ್ದು ಅನ್ನಿಸ್ತು.

ಒರೆಸಿ ನೋಡಿದ್ರೆ ಪೀಟರ್ಸನ್ ಕಂಪನಿ ಪೈಪ್, ಐರ್ಲೆಂಡಿನ ಡಬ್ಲಿನ್‌ದು. ಪಕ್ಕದಲ್ಲಿ ಮೂರು ಸಾಲಲ್ಲಿ 'ಮೇಡ್ ಇನ್ ದಿ ರಿಪಬ್ಲಿಕ್ ಆಫ್ ಐರ್ಲೆಂಡ್' ಅಂತ ಅಚ್ಚಿದೆ, ಐರ್ಲೆಂಡ್ ರಿಪಬ್ಲಿಕ್ ಆಗಿದ್ದೇ 1949ರಲ್ಲಿ, ಅಂದ್ರೆ ಅದಕ್ಕಿಂತ ಹಳೇದಲ್ಲ. ಇವ್ರ 'ಸಿಸ್ಟಂ' ಅನ್ನೋ ನಮೂನೆ ಪೈಪಲ್ಲಿ ಹೊಗೆ ಹೋಗೋ ತೂತಿನ ಕೆಳಗೆ ಒಂದು ಸಣ್ಣ ಗುಂಡಿ ಇರತ್ತೆ, ಬಾಯಿಗೆ ಬರ್ಬೇಕಾದ ನೀರೆಲ್ಲಾ ಅಲ್ಲೇ ಇಳ್ಕೊಳ್ಳತ್ತೆ. ಬಾಯಲ್ಲಿ ಇಡೋ ತುದೀಲಿ ತೂತು ಮೇಲ್ಮುಖ, ಹೊಗೆ ನಾಲಿಗೆ ಸುಡದೆ ಅಂಗುಳಕ್ಕೆ ಹೋಗ್ಲಿ ಅಂತ, ಅದನ್ನ 1898ರಲ್ಲೇ ಪೇಟೆಂಟ್ ಮಾಡಿದ್ರು.

ಮೊದಲ ತಲೆನೋವು, ಬಾಯಲ್ಲಿ ಇಡೋ ಕೊಳವೆ ಬಿಚ್ಚೋದು. ಒಳಗಿನ ಟಾರ್ ಗಟ್ಟಿಯಾಗಿ ಅಂಟ್ಕೊಂಡಿತ್ತು, ಬಲ ಹಾಕಿದ್ರೆ ನಿಕ್ಕಲ್ ರಿಂಗ್ ಕೆಳಗಿನ ಮರ ಸೀಳತ್ತೆ ಅಂತ ಭಯ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಂದು ಗಂಟೆ ಫ್ರೀಜರಲ್ಲಿಟ್ಟು ಆಮೇಲೆ ಮೆತ್ತಗೆ ತಿರುಗಿಸಿದೆ, ಟಕ್ ಅಂತ ಬಂತು.

ತಂಬಾಕು ತುಂಬೋ ಬೌಲ್ ಒಳಗೆ ಕಿರುಬೆರಳೂ ಹೋಗ್ತಿರ್ಲಿಲ್ಲ, ಅಷ್ಟು ಇದ್ದಿಲು ಕಟ್ಟಿತ್ತು. ಅದನ್ನ ಕೆರೆಯೋ ರೀಮರ್ ನನ್ನತ್ರ ಇಲ್ಲ, ಮರದ ಕಡ್ಡಿಗೆ ವಾಟರ್ ಪೇಪರ್ ಅನ್ನೋ ಸ್ಯಾಂಡ್‌ಪೇಪರ್ ಸುತ್ತಿ ತಿರುಗಿಸ್ತಾ ತಿರುಗಿಸ್ತಾ ಎರಡು ಸಂಜೆ ಹೋಯ್ತು. ಪೂರ್ತಿ ತೆಗೀಬಾರ್ದು, ಒಂದು ಮಿಲಿಮೀಟರ್ ಬಿಡ್ಬೇಕು, ಮರಕ್ಕೆ ಬೆಂಕಿ ತಾಗದಂತೆ ಕಾಯೋದೇ ಆ ಪದರ. ಆಮೇಲೆ ಕೊಳವೆ ಕೂರೋ ಕುತ್ತಿಗೆಗೆ ಹತ್ತಿ ತುರುಕಿ, ಬೌಲ್ ತುಂಬಾ ಕಲ್ಲುಪ್ಪು ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಬಿಳಿ ಉಪ್ಪು ಜೋನಿಬೆಲ್ಲದ ಬಣ್ಣ! ಎರಡ್ನೇ ಸಲ ಹಾಕಿದಾಗ ತೆಳು ಕಾಫಿ ಬಣ್ಣ, ಮೂರ್ನೇ ಸಲ ಹೆಚ್ಚುಕಮ್ಮಿ ಬಿಳಿ. ಕೆಳಗಿನ ಗುಂಡೀಲಿ ಮಾತ್ರ ಕೀಲೆಣ್ಣೆ ತರ ಕರೀ ಮಡ್ಡಿ ತುಂಬಿತ್ತು, ಒಂದು ಡಬ್ಬಿ ಇಯರ್‌ಬಡ್ಸ್ ಪೂರ್ತಿ ಅಲ್ಲೇ ಖಾಲಿ.

ಇಲ್ಲಿ ಎರಡು ತಪ್ಪಾಯ್ತು. ಸುರಿಯೋವಾಗ ಆಲ್ಕೋಹಾಲ್ ಒಂದು ಹನಿ ಹೊರಗೆ ಇಳಿದು ಆ ಜಾಗದ ಬಣ್ಣ ಕಿತ್ಕೊಂಡು ಬಂತು, ಕಡಲೆಬೀಜದಷ್ಟು ಮಚ್ಚೆ. ಎರಡ್ನೇದು, ಕೊಳವೇನ ಬಿಸಿನೀರಲ್ಲಿ ನೆನೆಸಿದೆ. ಅದು ಎಬೊನೈಟ್, ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್. ಹಳೇ ಎಬೊನೈಟ್ ಪೆನ್ ಇಟ್ಕೊಂಡಿರೋರಿಗೆ ಗೊತ್ತಿರತ್ತೆ, ಬೆಳಕಿಗೆ ಮಾಸಿ ಹಸಿರುಗಂದು ಆಗತ್ತೆ, ಬಿಸಿನೀರಿಗೆ ಬಿದ್ರೆ ಇನ್ನೂ ಜಾಸ್ತಿ. ಇಡೀ ಕೊಳವೆ ಸಗಣಿ ಬಣ್ಣಕ್ಕೆ ತಿರುಗಿದ್ದು ನೋಡಿ ಹೊಟ್ಟೆ ತೊಳಸಿದಂಗಾಯ್ತು. ಕೊನೆಗೆ ಪೇಂಟ್ ಅಂಗಡಿಯಿಂದ 400, 800, 1000, 2000 ನಂಬರ್ ವಾಟರ್ ಪೇಪರ್ ತಂದು ತಣ್ಣೀರಲ್ಲಿ ಅದ್ದಿ ಅದ್ದಿ ಉಜ್ಜಿದೆ, ಕೈಯೆಲ್ಲಾ ಗಂಧಕದ ವಾಸನೆ, ಸೋಪು ಹಾಕಿದ್ರೂ ಹೋಗಲ್ಲ. ಆದ್ರೆ 2000 ಮುಗಿಯೋ ಹೊತ್ತಿಗೆ ಕಪ್ಪು ವಾಪಸ್ ಬಂತು, ನೇರಳೆಹಣ್ಣಿನ ತರ.

ಈಗ ಬೌಲ್ ಬಾಯಿ. ಅದ್ರ ಅಂಚಲ್ಲಿ ಒಂದೇ ಕಡೆ ಸುಟ್ಟಿದೆ, ಸೇದೋರ ಎಡಕ್ಕೆ. ಸಾಮಾನ್ಯವಾಗಿ ಬಲಗೈಲಿ ಕಡ್ಡಿ ಗೀರೋರ ಪೈಪ್ ಬಲಗಡೆ ಸುಡತ್ತೆ. ಅಮ್ಮನ ಕೇಳಿದೆ. "ನಮ್ಮಪ್ಪ ಎಡಚ ಕಣೋ, ಬರೆಯೋದು ಮಾತ್ರ ಬಲಗೈಲಿ, ಅದೂ ಮೇಷ್ಟ್ರು ಹೊಡೆದು ಹೊಡೆದು ಕಲಿಸಿದ್ದು. ಕತ್ತಿ ಹಿಡಿಯೋದು, ಕಡ್ಡಿ ಗೀರೋದು ಎಲ್ಲಾ ಎಡಗೈಲೇ" ಅಂದ್ರು. ಅಜ್ಜ ಎಡಚ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅವ್ರ ಲೆಕ್ಕದ ಪುಸ್ತಕದ ಅಕ್ಷರ ಅಷ್ಟೇ ನೋಡಿದ್ದು.

ಅಂಚನ್ನ ಚಪ್ಪಟೆ ಪೇಪರ್ ಮೇಲಿಟ್ಟು ಉಜ್ಜಿ ಸಮ ಮಾಡೋಣ ಅಂತಿದ್ದೆ, ಎಲ್ರೂ ಹಂಗೇ ಮಾಡ್ತಾರೆ. ಈಗ ಮಾಡಲ್ಲ. ಒದ್ದೆ ಬಟ್ಟೇಲಿ ಟಾರ್ ಅಷ್ಟೇ ಒರೆಸಿದೀನಿ, ಸುಟ್ಟ ಮರ ಹಂಗೇ ಇದೆ. ಅಚ್ಚಿನ ಅಕ್ಷರದ ಹತ್ರಾನೂ ಪೇಪರ್ ಒಯ್ದಿಲ್ಲ, ಮೊದ್ಲೇ ಸವೆದಿದೆ, ಇನ್ನೊಂದು ಚೂರು ಉಜ್ಜಿದ್ರೆ ಡಬ್ಲಿನ್ ಅಳಿಸಿಹೋಗತ್ತೆ.

ಬಾಕಿ ಇರೋದು ಆ ಮಚ್ಚೆಗೆ ಬಣ್ಣ ಹಚ್ಚೋದು, ಆಮೇಲೆ ಹೊಳಪಿಗೆ ಕಾರ್ನೌಬಾ ವ್ಯಾಕ್ಸ್. ಆರ್ಡರ್ ಹಾಕಿದೀನಿ. ಅಲ್ಲಿವರೆಗೆ ಪೈಪ್ ಅಮ್ಮನ ಗಾಡ್ರೇಜ್ ಬೀರುವಲ್ಲಿ, ಸೀರೆಗಳ ಮಧ್ಯೆ ಇದೆ, ಬಿಸಿಲು ಬೀಳದ ಜಾಗ ಅದೇ.